ಗಟ್ಟಿಮೇಳ ಮೊಳಗಿತು, ಅಕ್ಷತೆ ಬೀಳಲಿಲ್ಲ

ಶಿವಲೀಲಾ ನನ್ನನ್ನು ಕೇಳಿದ್ದಳು. ಪಕ್ಕದಲ್ಲೇ ಕೂತು, ಪರದೆಯ ಕಡೆಗೆ ಬೆರಳು ತೋರಿಸಿ, ಒಂದಲ್ಲ ಎರಡು ಸಲ ಕೇಳಿದ್ದಳು. ಅವಳು ಕೇಳಲೇ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದವನು ನಾನು. ಆ ಮಾತಿನಿಂದ ಅವಳ ಕೆಲಸ ಹೋಯಿತು, ಹನ್ನೊಂದು ವರ್ಷ ದುಡಿದು ಸಂಪಾದಿಸಿದ್ದ ಹೆಸರು ಹೋಯಿತು. ನಾನು ಅಂದು ಮನೆಗೆ ಬಂದು ಊಟ ಮಾಡಿದೆ. ಹುರುಳಿಕಾಳಿನ ಬಸ್ಸಾರು, ಮುದ್ದೆ. ಎರಡನೇ ಸಲ ಸಾರು ಹಾಕಿಸಿಕೊಂಡಿದ್ದೂ ನೆನಪಿದೆ.

ಇದನ್ನು ಮೊದಲಿಗೇ ಹೇಳಿಬಿಡಬೇಕಾಗಿತ್ತು. ಯಾಕೆಂದರೆ ನನಗೆ ಕತೆ ಹೇಳುವ ಚಟ. ಸುತ್ತು ಬಳಸಿ, ಅಲ್ಲೊಂದು ಇಲ್ಲೊಂದು ತಮಾಷೆ ಸೇರಿಸಿ ಹೇಳುತ್ತಾ ಹೋದರೆ, ಕೊನೆಗೆ ನೀವು ನನ್ನ ಮೇಲೇ ಕನಿಕರ ಪಟ್ಟುಕೊಂಡು ಎದ್ದು ಹೋಗುತ್ತೀರಿ. ಹಾಗೆ ಆಗಬಾರದು.

ನನ್ನ ಹೆಸರು ಮುದ್ದಯ್ಯ. ಎಪ್ಪತ್ತನಾಲ್ಕು ತುಂಬಿದೆ. ಈಗ ಇರುವುದು ಚಂದ್ರಾ ಲೇಔಟಿನಲ್ಲಿ. ಹುಟ್ಟಿದ್ದು ನಾಯಂಡಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ. ಅಕ್ಷರ ಶಾಲೆಯಲ್ಲಿ ಕಲಿತೆ, ಮಾತು ಕಲಿಸಿದ್ದು ನಮ್ಮಜ್ಜಿ. ರಾಗಿ ಬೀಸುತ್ತಾ ಅವಳು ಹೇಳುತ್ತಿದ್ದ ಕತೆಗಳಲ್ಲಿ ಸತ್ತವರು ಎದ್ದು ಬಂದು ನೀರು ಕೇಳುತ್ತಿದ್ದರು. ನಿಜವೇ ಅಜ್ಜಿ ಎಂದರೆ, ‘ಕೇಳಾಕೆ ಚೆನ್ನಾಗಿತ್ತೋ ಇಲ್ವೋ, ಅಷ್ಟು ಹೇಳು’ ಅನ್ನುತ್ತಿದ್ದಳು. ಆ ಮಾತು ನನ್ನೊಳಗೆ ಬೇರು ಬಿಟ್ಟಿತು. ಅವಳನ್ನು ದೂರುತ್ತಿಲ್ಲ. ಅವಳು ದೆವ್ವಗಳ ಬಗ್ಗೆ ಸುಳ್ಳು ಹೇಳಿದಳು, ನಾನು ಬದುಕಿರುವವರ ಬಗ್ಗೆ...

ಪ್ರಾಯದಲ್ಲಿ ನನಗೊಂದು ಕೆಲಸವಿತ್ತು. ಹಂಚಿಕೆದಾರರ ಕಡೆಯಿಂದ ಸಿನಿಮಾ ಡಬ್ಬಿಗಳ ಜೊತೆ ಊರೂರಿಗೆ ಹೋಗುವುದು, ಟೆಂಟಿನ ಬಾಗಿಲಲ್ಲಿ ನಿಂತು ಎಷ್ಟು ಜನ ಒಳಗೆ ಹೋದರು ಎಂದು ನೋಡಿಕೊಳ್ಳುವುದು. ಒಂದು ಕಪ್ಪು ಬಿಳುಪು ಚಿತ್ರದ ಜೊತೆ ಎರಡು ವರ್ಷ ಅಲೆದೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಫೋನು ತೆಗೆದು, ಎಲ್ಲರೂ ನೋಡಿ ನಕ್ಕ ಅದರ ತುಣುಕನ್ನು ಹುಡುಕುತ್ತೀರಿ, ಅದರಲ್ಲಿ ನಟಿಸಿದ ಆ ತಾಯಿಯನ್ನು ನೋಡಿ ಮತ್ತೊಮ್ಮೆ ನಗುತ್ತೀರಿ.

ಆ ಚಿತ್ರದಲ್ಲಿ ಒಂದು ಮದುವೆ. ಮನೆಮಠ ಕಳೆದುಕೊಂಡ ಹುಡುಗಿಗೆ ಕೊನೆಗೂ ತಾಳಿ ಬೀಳುವ ಗಳಿಗೆ. ಗಟ್ಟಿಮೇಳ ಮೊಳಗುತ್ತದೆ, ಚಪ್ಪರದ ತುಂಬ ಕೈಗಳು ಮೇಲೇಳುತ್ತವೆ. ಟೆಂಟಿಗೆ ಬರುತ್ತಿದ್ದ ಹೆಂಗಸರು ಮನೆಯಿಂದಲೇ ಸೆರಗಿನಲ್ಲಿ ಅಕ್ಷತೆ ಕಟ್ಟಿಕೊಂಡು ಬರುತ್ತಿದ್ದರು. ಒಂದು ಊರಲ್ಲಿ ಯಾರೋ ಶುರು ಮಾಡಿದ್ದು, ಡಬ್ಬಿಗಿಂತ ಮುಂಚೆ ಸುದ್ದಿ ಮುಂದಿನ ಊರು ಸೇರುತ್ತಿತ್ತು. ಗಟ್ಟಿಮೇಳ ಕೇಳಿದ್ದೇ ತಡ, ಎದ್ದು ನಿಂತು ಪರದೆಗೆ ಎಸೆಯುತ್ತಿದ್ದರು. ಬಟ್ಟೆಗೆ ಅಕ್ಕಿ ಬಡಿಯುವ ಚಟಚಟ ಸದ್ದು ಹಿಂದಿನ ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು. ಆಟ ಮುಗಿದ ಮೇಲೆ ಟೆಂಟಿನ ಮಾಲೀಕನ ಕೋಳಿಗಳಿಗೆ ಹಬ್ಬ. ಚಿತ್ರದೊಳಗೆ ಬಿದ್ದ ಅಕ್ಷತೆ ಯಾವುದು, ಹೊರಗಿನಿಂದ ಬಿದ್ದದ್ದು ಯಾವುದು, ನನ್ನ ತಲೆಯಲ್ಲಿ ಎರಡೂ ಕಲೆತುಹೋಗಿವೆ. ನೆಪ ಹೇಳಲು ಇದನ್ನು ಬರೆಯಲಿಲ್ಲ. ಇದೇ ಕತೆಯನ್ನು ತಿರುಚಿ ಶಿವಲೀಲಾಳಿಗೆ ಹೇಳಿದೆ, ಅದಕ್ಕೇ ಬರೆದೆ.

ನಿವೃತ್ತಿಯಾದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಕೂತು ಹಳೇ ಚಿತ್ರಗಳ ಕತೆ ಹೇಳುವುದು ನನ್ನ ರೂಢಿ. ಇಪ್ಪತ್ತು ಮೂವತ್ತು ಜನ ಸೇರುತ್ತಾರೆ. ಒಂದು ಸಣ್ಣ ಮಾಸಪತ್ರಿಕೆಗೂ ಬರೆಯುತ್ತೇನೆ. ಹಾಗೆ ನನ್ನ ಹೆಸರು ಪ್ರಸನ್ನನ ಕಿವಿಗೆ ಬಿತ್ತು. ಪ್ರಸನ್ನ ವಿಜಯನಗರದಲ್ಲಿ ಒಂದು ದರ್ಶಿನಿಯ ಮೇಲೆ ಮೂರು ಕೋಣೆ ಹಿಡಿದು, ಹಾಳಾದ ಹಳೇ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಶುಚಿ ಮಾಡಿ ಮನೆಯಲ್ಲಿ ನೋಡುವಂತೆ ಡಿಸ್ಕ್ ತರುವವನು. ನನ್ನ ಆ ಚಿತ್ರದ ಒಂದೇ ಒಂದು ಪ್ರತಿ ಅವನಿಗೆ ಸಿಕ್ಕಿತ್ತು. ಬದುಕಿರುವವರಲ್ಲಿ ಅದನ್ನು ಇನ್ನೂರು ಸಲ ನೋಡಿದವರು ನೀವೊಬ್ಬರೇ ಸಾರ್, ನಾವು ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ನೀವೇ ತೀರ್ಪು ಹೇಳಬೇಕು ಎಂದ. ಇನ್ನೂರು ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನೇ. ಎಣಿಸಿದ್ದಿಲ್ಲ.

ಮೊದಲ ದಿನ ಮೆಟ್ಟಿಲು ಹತ್ತುವಾಗಲೇ ಒಂದು ವಾಸನೆ ಬಂತು. ಕೆಳಗಿನ ದರ್ಶಿನಿಯ ಸಾಂಬಾರಿನ ವಾಸನೆಯನ್ನೂ ಸೀಳಿಕೊಂಡು ಬರುವ ಹುಳಿ. ಫಿಲಂ ಕೊಳೆಯಲು ಶುರುವಾದರೆ ಹಾಗೆ ಹುಳಿ ನಾತ ಬರುತ್ತದೆ, ಒಂದು ರೀಲಿಗೆ ಹತ್ತಿದರೆ ಪಕ್ಕದ ರೀಲಿಗೂ ಹಬ್ಬುತ್ತದೆ ಎಂದು ಶಿವಲೀಲಾ ಹೇಳಿದಳು. ಆ ಕೋಣೆಗಳಲ್ಲಿ ನಿಜವಾದ ಕೆಲಸ ಮಾಡುತ್ತಿದ್ದವಳು ಅವಳು. ರಾಣೆಬೆನ್ನೂರಿನ ಕಡೆಯವರು, ಅಪ್ಪ ಸರ್ಕಾರಿ ನೌಕರಿಗೆಂದು ಬಂದು ಬಸವೇಶ್ವರನಗರದಲ್ಲಿ ನಿಂತವರು. ಮೂವತ್ತೈದು ದಾಟದ ಹೆಣ್ಣುಮಗಳು, ಹಣೆಯಲ್ಲಿ ಸಣ್ಣ ವಿಭೂತಿ, ಮಾತು ಕಮ್ಮಿ. ಆ ಪ್ರತಿಯ ಒಂದೊಂದು ಫ್ರೇಮನ್ನೂ ಮಗುವಿನ ತಲೆ ಬಾಚುವ ಹಾಗೆ ನೋಡಿದ್ದಳು. ಮುಂದಿನ ಚಿತ್ರದಿಂದ ಇಡೀ ಕೆಲಸದ ಹೊಣೆ ಅವಳದೇ ಎಂದು ಪ್ರಸನ್ನ ನನ್ನೆದುರಿಗೇ ಹೇಳಿದ್ದ.

ಅವರ ಪದ್ಧತಿ ಹೀಗೆ. ಮೊದಲು ಇಡೀ ಪ್ರತಿಯನ್ನು ಇದ್ದದ್ದು ಇದ್ದ ಹಾಗೆ ಸ್ಕ್ಯಾನ್ ಮಾಡುವುದು. ಆಮೇಲೆ ಕಂಪ್ಯೂಟರಿಗೆ ಕೊಟ್ಟು ಧೂಳು, ಗೀರು ತೆಗೆಸುವುದು. ಆಮೇಲೆ ನನ್ನಂಥವನು ಕೂತು ನೋಡುವುದು. ಒಂದು ಹಾಳೆ ಇರುತ್ತದೆ: ಯಾವ ರೀಲು, ಏನು ಅನುಮಾನ, ನೋಡಿದವರು ಏನೆಂದರು. ಕೊನೆಯಲ್ಲಿ ಸಹಿ. ಸಹಿ ಬಿದ್ದ ಮೇಲೆ ಮೊದಲಿನ ಸ್ಕ್ಯಾನನ್ನು ಅಳಿಸಿ, ಅದೇ ಜಾಗದಲ್ಲಿ ಮುಂದಿನ ಚಿತ್ರ ಹಾಕಿಕೊಳ್ಳುತ್ತಾರೆ. ದೊಡ್ಡ ಕಂಪನಿಗಳ ಹಾಗೆ ಎಲ್ಲವನ್ನೂ ಕಾಪಿಡುವ ಶಕ್ತಿ ಅವರಿಗಿರಲಿಲ್ಲ. ಪ್ರಸನ್ನ ಅದನ್ನು ಮುಚ್ಚಿಡಲಿಲ್ಲ.

‘ನೀವು ಸೈನ್ ಹಾಕಿದ್ಮೇಲೆ ವಾಪಸ್ ಹೋಗೋ ದಾರಿ ಇರಲ್ಲ ಸಾರ್. ನೋಡ್ಕೊಂಡು ಹಾಕಿ.’

ನೋಡಿಕೊಂಡು... ಈಗ ನಾನು ಬಚ್ಚಿಟ್ಟಿದ್ದನ್ನು ಹೇಳಬೇಕು. ನನಗೆ ಕಾಣುತ್ತಿರಲಿಲ್ಲ.

ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿನದು ಹಣ್ಣಾಗಿದೆ, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು. ಬಸ್ಸಿನ ನಂಬರು ಪಕ್ಕದವರನ್ನು ಕೇಳಿ ಹತ್ತುತ್ತಿದ್ದೆ. ಅಕ್ಕಿ ಆರಿಸಲು ಕೊಟ್ಟರೆ ಕಲ್ಲೂ ಅಕ್ಕಿಯೂ ಒಂದೇ. ಆಪರೇಷನ್ ಮಾಡಿಸಿಕೊಂಡರೆ ಒಂದು ತಿಂಗಳು ಪರದೆ ನೋಡುವ ಹಾಗಿಲ್ಲ. ಅಷ್ಟರಲ್ಲಿ ಪ್ರಸನ್ನ ಇನ್ನೊಬ್ಬರನ್ನು ಹುಡುಕಿಬಿಟ್ಟರೆ? ಡಿಸ್ಕಿನ ಹೊದಿಕೆಯ ಮೇಲೆ ‘ಪರಿಶೀಲನೆ: ಮುದ್ದಯ್ಯ’ ಎಂದು ಅಚ್ಚು ಹಾಕಿಸುತ್ತೇನೆ ಎಂದಿದ್ದ. ಪ್ರಾಯವೆಲ್ಲ ಟೆಂಟಿನ ಬಾಗಿಲಲ್ಲಿ ನಿಂತವನ ಹೆಸರು ಮೊದಲ ಸಲ ಒಳಗೆ ಹೋಗುವುದಿತ್ತು. ಆ ಆಸೆ ಸಣ್ಣದೇ. ಅದು ತಿಂದದ್ದು ಸಣ್ಣದಲ್ಲ.

ಕಿಟಕಿಗೆ ದಪ್ಪ ಪರದೆ ಎಳೆದ ಕೋಣೆ. ದೊಡ್ಡ ಮಾನಿಟರಿನ ಎದುರು ನನಗೊಂದು ಕುರ್ಚಿ, ಪಕ್ಕದಲ್ಲಿ ಶಿವಲೀಲಾ. ಮೂರು ದಿನ ಕೂತೆವು. ನನಗೆ ಕಂಡದ್ದು ಹಾಲು ಕಲಸಿದ ನೀರಿನ ಹಿಂದೆ ಓಡಾಡುವ ನೆರಳುಗಳು. ಆದರೆ ಮಾತು ಕೇಳಿಸುತ್ತಿತ್ತು, ಮುಂದೆ ಏನು ಬರುತ್ತದೆಂದು ಗೊತ್ತಿತ್ತು. ಅವಳು ಕೇಳುವ ಮುಂಚೆಯೇ, ‘ಈಗ ನೋಡಮ್ಮ, ಅತ್ತೆ ಬಾಗಿಲ ಹಿಂದೆ ನಿಂತಿದಾಳೆ, ಬಳೆ ಮಾತ್ರ ಕಾಣುತ್ತೆ’ ಎನ್ನುತ್ತಿದ್ದೆ. ಅಲ್ಲಿ ನಿಜವಾಗಿಯೂ ಬಳೆ ಇರುತ್ತಿತ್ತು. ಅವಳು ಬೆರಗಾಗಿ ನನ್ನ ಮುಖ ನೋಡುತ್ತಿದ್ದಳು. ಎಂಥಾ ಕಣ್ಣು ಸಾರ್ ನಿಮ್ದು, ಎಂದಳು ಒಮ್ಮೆ. ನಾನು ನಕ್ಕೆ.

ಮೂರನೆಯ ದಿನ ಒಂಬತ್ತನೇ ರೀಲು ಬಂತು. ಮದುವೆಯ ರೀಲು.

ಗಟ್ಟಿಮೇಳ ಮೊಳಗಿತು. ನನ್ನ ಮೈಯೆಲ್ಲ ಟೆಂಟಾಯಿತು. ಕೈಗಳು ಮೇಲೆದ್ದದ್ದು ಮಸುಕಾಗಿ ಕಂಡಿತು, ಅಕ್ಷತೆ ಸುರಿಯುತ್ತಿರುವುದು ಸ್ಪಷ್ಟವಾಗಿ ಕಂಡಿತು. ಹೌದು, ಕಂಡಿತು. ಅದೇ ಭಯ ಹುಟ್ಟಿಸುವುದು, ಈಗ ನೆನೆದರೆ. ಶಿವಲೀಲಾ ಚಿತ್ರ ನಿಲ್ಲಿಸಿದಳು.

‘ಸಾರ್, ಒಂದ್ನಿಮಿಷ. ಎಲ್ಲಾರೂ ಕೈ ಎತ್ತಿ ಎಸೀತಿದಾರೆ. ಆದ್ರೆ ಏನೂ ಬೀಳ್ತಾ ಇಲ್ಲ. ಮೊದಲಿಂದ್ಲೂ ಹಿಂಗೇ ಇತ್ತಾ?’

ನನಗೆ ಕಾಣುತ್ತಿದ್ದ ಅಕ್ಷತೆ ಅಲ್ಲಿ ಇರಲಿಲ್ಲ.

ಅವಳೇ ವಿವರಿಸಿದಳು. ಒಂದೇ ಫ್ರೇಮಿನಲ್ಲಿ ಮಿನುಗಿ ಮಾಯವಾಗುವ ಬಿಳಿ ಚುಕ್ಕೆ ಎಂದರೆ ಕಂಪ್ಯೂಟರಿಗೆ ಅದು ಧೂಳು. ಗಾಳಿಯಲ್ಲಿ ಹಾರುವ ಅಕ್ಕಿಕಾಳೂ ಹಾಗೇ ಮಿನುಗುತ್ತದೆ. ಅದು ಅಕ್ಷತೆಯನ್ನೇ ಕಸವೆಂದು ಗುಡಿಸಿರಬಹುದು. ಹಳೇ ಸ್ಕ್ಯಾನ್ ತೆಗೆದು ನೋಡಿದೆ ಸಾರ್, ಆ ಜಾಗದಲ್ಲಿ ಫಿಲಮ್ಮೇ ಕೊಳೆತು ಪೂರ್ತಿ ಬಿಳಿ ಚುಕ್ಕೆ, ಯಾವುದು ಕಾಳು ಯಾವುದು ಕೊಳೆ ನನಗೆ ಗೊತ್ತಾಗುತ್ತಿಲ್ಲ, ನೀವು ಇತ್ತು ಅಂದರೆ ಸಾಕು ಎಂದಳು.

‘ಇತ್ತು ಅನ್ನಿ ಸಾರ್. ಕೈಯಲ್ಲೇ ಒಂದೊಂದು ಕಾಳೂ ವಾಪಸ್ ತರ್ತೀನಿ. ಒಂದು ವಾರ ಸಾಕು ನನಗೆ.’

ಒಂದು ಮಾತು ಬೇಕಿತ್ತು. ಇತ್ತು ಕಣಮ್ಮ. ಅಷ್ಟೇ. ಆದರೆ ‘ಇತ್ತು’ ಎಂದರೆ, ಇಷ್ಟು ಹೊತ್ತು ಸುಮ್ಮನೆ ಯಾಕೆ ಕೂತಿದ್ದಿರಿ ಎಂದು ಅವಳು ಕೇಳುತ್ತಾಳೆ. ಇಷ್ಟು ದೊಡ್ಡದು ಕಾಣದವನು ಹಿಂದಿನ ಎಂಟು ರೀಲುಗಳಲ್ಲಿ ಏನು ನೋಡಿದ ಎನ್ನುತ್ತಾಳೆ. ಆಗ ನನ್ನೊಳಗಿನ ಕತೆಗಾರ ಎದ್ದು ಕೂತ. ಗಂಟಲು ಸರಿಮಾಡಿಕೊಂಡು ಹೇಳಿದೆ — ನಿರ್ದೇಶಕರು ಬೇಕೆಂದೇ ಕೈಗಳನ್ನು ಬರಿದು ಮಾಡಿಸಿದರು, ಅಕ್ಷತೆ ಹಾಕುವುದು ನೋಡುವ ಜನರ ಕೆಲಸ ಎಂದರು, ಅದಕ್ಕೇ ಟೆಂಟಿನಲ್ಲಿ ಹೆಂಗಸರು ಎದ್ದು ಎಸೆಯುತ್ತಿದ್ದರು, ಇದನ್ನು ನಿರ್ದೇಶಕರೇ ಒಮ್ಮೆ ನನ್ನ ಹತ್ತಿರ ಹೇಳಿದ್ದರು. ನಿರ್ದೇಶಕರನ್ನು ನಾನು ಹತ್ತಿರದಿಂದ ಕಂಡಿದ್ದು ಒಂದೇ ಸಲ. ಎಲೆಅಡಿಕೆ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸೆರಗಿನ ಗಂಟು, ಚಟಚಟ ಸದ್ದು, ಕೋಳಿಗಳು — ಎಲ್ಲ ಸೇರಿಸಿ ಹೇಳಿದೆ. ಶಿವಲೀಲಾಳ ಕಣ್ಣಲ್ಲಿ ನೀರು ಬಂತಂತೆ, ಅವಳೇ ಹೇಳಿದಳು, ನನಗೆ ಕಾಣಲಿಲ್ಲ. ಆದರೂ ಅವಳು ಬಿಡಲಿಲ್ಲ.

‘ಮತ್ತೆ ಮದುಮಗಳು ಒಂದು ಕಣ್ಣು ಮುಚ್ತಾರಲ್ಲ ಸಾರ್, ಅದ್ಯಾಕೆ?’

ನಾಚಿಕೆ ಕಣಮ್ಮ, ಆ ಕಾಲದ ನಾಚಿಕೆ, ಎಂದೆ.

ಅವಳು ಹಾಳೆ ಎಳೆದುಕೊಂಡು ಪೆನ್ನು ತೆಗೆದಳು. ‘ಒಂಬತ್ತನೇ ರೀಲು, ಅಕ್ಷತೆ ಇಲ್ಲ, ಮೂಲದಲ್ಲೇ ಹೀಗೆ ಅಂತ ಸಾರ್ ಹೇಳಿದ್ರು... ಬರ್ಕೊಳ್ತೀನಿ.’

‘ಅದನ್ನೆಲ್ಲ ಬರೀಬೇಡಮ್ಮ’ ಎಂದೆ. ‘ಬರೆದ್ರೆ ದೊಡ್ಡದಾಗುತ್ತೆ. ಸುಮ್ನೆ ಇರು.’

ಕಾಣದೆ ಇದ್ದದ್ದು ಕಣ್ಣಿನ ತಪ್ಪು ಎನ್ನಬಹುದು. ಕತೆ ಕಟ್ಟಿದ್ದು ನಾಲಿಗೆಯ ತಪ್ಪು. ಬರೆಯಬೇಡ ಎಂದದ್ದು? ಆ ಕ್ಷಣಕ್ಕೆ ಮುಂದೇನೂ ಯೋಚಿಸಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಯೋಚಿಸದವನು ಹಾಗೆ ಹೇಳುವುದಿಲ್ಲ. ನನ್ನೊಳಗೆ ಯಾವನೋ ಒಬ್ಬ ಆಗಲೇ ತನ್ನ ಹೆಜ್ಜೆ ಒರೆಸುತ್ತಿದ್ದ. ಅವಳು ಪೆನ್ನು ಮುಚ್ಚಿಟ್ಟಳು. ದೊಡ್ಡವರು ಹೇಳಿದರು ಎಂದು. ಅಂದು ಮಧ್ಯಾಹ್ನವೇ ಸಹಿ ಹಾಕಿದೆ. ಎಲ್ಲಿ ಹಾಕಬೇಕೆಂದು ಅವಳೇ ಬೆರಳಿಟ್ಟು ತೋರಿಸಿದಳು. ಗೆರೆ ನನಗೆ ಕಾಣುತ್ತಿರಲಿಲ್ಲ. ವಾರದೊಳಗೆ ಹಳೇ ಸ್ಕ್ಯಾನ್ ಅಳಿಸಿಹೋಯಿತು.

ಡಿಸ್ಕ್ ಬಂತು. ಹೊದಿಕೆಯ ಮೇಲೆ ನನ್ನ ಹೆಸರೂ ಬಂತು. ಕನ್ನಡಿಯ ಹಾಗೆ ಶುಚಿಯಾಗಿದೆ ಎಂದು ನಾನೇ ಮಾಸಪತ್ರಿಕೆಯಲ್ಲಿ ಹೊಗಳಿ ಬರೆದೆ. ಪಾರ್ಕಿನಲ್ಲಿ ಹಾರ ಹಾಕಿದರು. ಆಮೇಲೆ ನಿಶ್ಚಿಂತೆಯಿಂದ ಹೋಗಿ ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡೆ.

ಕಟ್ಟು ಬಿಚ್ಚಿದ ಮೇಲೆ ಲೋಕ ಹರಿತವಾಗಿತ್ತು. ಗೋಡೆಯ ಬಿರುಕು, ಹೆಂಡತಿಯ ಮುಖದ ಸುಕ್ಕು, ನನ್ನ ಕೈಯ ಮೇಲಿನ ಕಲೆಗಳು. ಡಾಕ್ಟರು ಒಪ್ಪಿದ ದಿನ ಮಧ್ಯಾಹ್ನ ಟಿವಿಗೆ ಡಿಸ್ಕ್ ಹಾಕಿದೆ. ಒಂಬತ್ತನೇ ರೀಲು ಬರುವ ಹೊತ್ತಿಗೆ ಹೆಂಡತಿಯೂ ಬಂದು ಕೂತಳು. ಗಟ್ಟಿಮೇಳ ಮೊಳಗಿತು. ಕೈಗಳು ಎದ್ದವು. ನೂರು ಕೈ ಎದ್ದು ಬೀಸಿದವು, ಗಾಳಿಯಲ್ಲಿ ಒಂದು ಕಾಳಿಲ್ಲ. ಮದುಮಗಳು ತಲೆ ಬಗ್ಗಿಸಿ ನಿಂತಿದ್ದಳು. ಹರಸಿದಂತೆ ಕಾಣಲಿಲ್ಲ, ಎಲ್ಲರೂ ಸೇರಿ ಅವಳನ್ನು ಓಡಿಸುತ್ತಿರುವ ಹಾಗಿತ್ತು. ಆಮೇಲೆ ಅವಳು ಒಂದು ಕಣ್ಣು ಮುಚ್ಚಿ ತೆರೆದಳು.

‘ಇದೇನ್ರೀ ಇದು’ ಎಂದಳು ನನ್ನವಳು. ‘ಅಕ್ಷತೆನೇ ಬೀಳ್ತಿಲ್ವಲ್ಲ. ಅಪಶಕುನ ಕಣ್ರೀ, ಆಫ್ ಮಾಡಿ.’

ಆಫ್ ಮಾಡಿದೆ. ಯಾರಿಗೂ ಏನೂ ಹೇಳಲಿಲ್ಲ. ಗಮನಿಸಿ — ಆಗ ನನಗೆ ಎರಡು ಕಣ್ಣೂ ಚೆನ್ನಾಗಿದ್ದವು.

ಆ ತಿಂಗಳೇ ಯಾರೋ ಕಿಡಿಗೇಡಿಗಳು ಆ ಕಣ್ಣು ಮುಚ್ಚುವ ಐದು ಸೆಕೆಂಡನ್ನು ಕತ್ತರಿಸಿ, ಹಿಂದೆ ಒಂದು ಕುಣಿತದ ಹಾಡು ಹಾಕಿ ಫೋನುಗಳಿಗೆ ಬಿಟ್ಟರು. ಮದುವೆ ಮನೆಯಲ್ಲೇ ಕಣ್ಣು ಹೊಡೆದ ಮದುಮಗಳು ಎಂದು ಹೆಸರು. ಪಾರ್ಕಿಗೆ ಬರುವ ಆಟೋ ನಂಜಪ್ಪ ನನ್ನ ಮೂಗಿನ ಹತ್ತಿರ ಫೋನು ಹಿಡಿದ.

‘ನೋಡಿ ಸಾರ್, ನಿಮ್ ಹೀರೋಯಿನ್ನು ಪುರೋಹಿತರಿಗೇ ಲೈನ್ ಹೊಡೀತಾವ್ಳೆ.’

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಸ್ವಲ್ಪ ಜಾಸ್ತಿಯೇ.

ನಕ್ಕು ಹತ್ತು ದಿನವಾಗಿರಲಿಲ್ಲ, ಪ್ರಸನ್ನ ಫೋನು ಮಾಡಿ ಕೂಡಲೇ ಬನ್ನಿ ಎಂದ. ಮೆಟ್ಟಿಲಲ್ಲಿ ಈಗ ಆ ಹುಳಿ ನಾತ ಇರಲಿಲ್ಲ. ರೀಲುಗಳನ್ನು ನಾಯಂಡಹಳ್ಳಿಯ ಗೋದಾಮಿಗೆ ಸಾಗಿಸಿದ್ದರು. ಮೇಲೆ ಹೋದರೆ ಅದೇ ಕತ್ತಲೆ ಕೋಣೆ, ನನ್ನ ಕುರ್ಚಿಯಲ್ಲಿ ಒಬ್ಬ ವೃದ್ಧೆ. ಬೆಳ್ಳಗಿನ ತಲೆ, ಇಸ್ತ್ರಿ ಮಾಡಿದ ಹತ್ತಿ ಸೀರೆ. ಹಿಂದೆ ಮೊಮ್ಮಗಳು. ಆ ಮದುಮಗಳು ಇವರೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಪ್ರಸನ್ನ ಗೋಡೆಗೆ ಒರಗಿದ್ದ, ಶಿವಲೀಲಾ ಮಾನಿಟರಿನ ಪಕ್ಕ ನಿಂತಿದ್ದಳು. ಅವಳ ಮುಖದಲ್ಲಿ ಆತಂಕವಿರಲಿಲ್ಲ. ನಾನು ಬಂದೆನಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಎಂಬ ನೆಮ್ಮದಿ ಇತ್ತು. ಅದನ್ನು ನಾನು ಹೊಸ ಕಣ್ಣಿನಿಂದ ಸ್ಪಷ್ಟವಾಗಿ ನೋಡಿದೆ.

ಆ ತಾಯಿ ರೇಗಲಿಲ್ಲ. ಮೆಲ್ಲಗೆ ಹೇಳಿದರು.

‘ಅವತ್ತು ಒಂದು ಕಾಳು ಸೀದಾ ಕಣ್ಣಿಗೆ ಬಿತ್ತಪ್ಪ. ಉರಿ ತಡೀಲಾರದೆ ಮುಚ್ಚಿದೆ. ಇನ್ನೊಂದ್ಸಲ ತೆಗೀತಾರೇನೋ ಅಂದ್ಕೊಂಡೆ. ಬಿಡಮ್ಮ, ಮದುವೇಲಿ ಎಲ್ಲಾರ ಕಣ್ಣಿಗೂ ಬೀಳುತ್ತೆ, ಇದೇ ಚೆಂದ ಅಂದ್ರು. ಐವತ್ತು ವರ್ಷದಿಂದ ಅದು ಸರಿಯಾಗೇ ಇತ್ತು.’ ಮೊಮ್ಮಗಳ ಕೈ ಹಿಡಿದುಕೊಂಡು, ‘ಈಗ ಇವಳ ಕಾಲೇಜಲ್ಲಿ ಹುಡುಗರು ಇವಳನ್ನ ನೋಡಿ ಕಣ್ಣು ಮುಚ್ಚಿ ತೋರಿಸ್ತಾರಂತೆ’ ಎಂದರು.

ಪ್ರಸನ್ನ ನನ್ನ ಕಡೆ ತಿರುಗಿದ. ‘ಸಾರ್, ಲೀಲಾ ನಿಮಗೆ ತೋರಿಸಿ ಕೇಳಿದ್ದೆ ಅಂತಿದಾಳೆ. ಕೇಳಿದ್ಲಾ?’

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ತಾಯಿಯೂ. ಅವರ ಕಣ್ಣೆದುರು, ‘ಕೇಳಿದ್ದಳು, ನನಗೆ ಕಾಣುತ್ತಿರಲಿಲ್ಲ, ಸುಳ್ಳು ಕತೆ ಹೇಳಿದೆ’ ಎನ್ನಬೇಕಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ.

‘ನನ್ನ ಕೇಳಲೇ ಇಲ್ಲ.’

ಶಿವಲೀಲಾ ಒಂದು ಹೆಜ್ಜೆ ನನ್ನ ಹತ್ತಿರ ಬಂದಳು. ನಾನು ಮರೆತಿದ್ದೇನೆ ಎಂದುಕೊಂಡಳೋ ಏನೋ, ನೆನಪಿಸುವವಳ ಹಾಗೆ ನನಗಷ್ಟೇ ಹೇಳಿದಳು, ‘ಕೇಳಿದ್ದೆ ಸಾರ್. ನೀವು ಕೋಳಿ ಕತೆ ಹೇಳಿದ್ರಿ.’

ನಾನು ಪ್ರಸನ್ನನ ಕಡೆ ನೋಡಿ ಯಾವ ಕೋಳಿ ಎಂಬಂತೆ ಹುಬ್ಬೇರಿಸಿದೆ. ಮಾತು ಕೂಡ ಆಡಲಿಲ್ಲ. ಹುಬ್ಬು ಸಾಕಾಯಿತು.

ಪ್ರಸನ್ನ ಹಾಳೆ ತೆಗೆದ. ಒಂಬತ್ತನೇ ರೀಲಿನ ಎದುರು ಖಾಲಿ. ಕೆಳಗೆ ನನ್ನ ಸಹಿ. ಅವನು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಅವಳಿಗೆ ತೋರಿಸಿ, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ. ಅವಳು ಹಾಳೆ ನೋಡಲಿಲ್ಲ, ನನ್ನನ್ನು ನೋಡಿದಳು. ಮರೆವಲ್ಲ ಎಂದು ಅವಳಿಗೆ ಆಗ ತಿಳಿಯಿತು. ‘ಯಾಕಮ್ಮ ಹೀಗೆ ಮಾಡ್ದೆ?’ ಎಂದು ಆ ತಾಯಿ ಅವಳನ್ನು ಕೇಳಿದರು. ನನ್ನನ್ನಲ್ಲ, ಅವಳನ್ನು. ಅವಳು, ತಪ್ಪಾಯ್ತಮ್ಮ, ಎಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಚೀಲ ತೆಗೆದುಕೊಂಡು ಕೆಳಗಿಳಿದು ಹೋದಳು. ವಾದ ಮಾಡಲಿಲ್ಲ. ಮಾಡಿದ್ದರೆ ನನಗೆ ಕೋಪವಾದರೂ ಬರುತ್ತಿತ್ತು, ಆ ಕೋಪದಲ್ಲಿ ಅಡಗಿಕೊಳ್ಳಬಹುದಿತ್ತು.

ಆಮೇಲೆ ಗುಟ್ಟಾಗಿ ಸರಿಮಾಡಲು ಹೊರಟೆ. ಪ್ರತಿ ಇನ್ನೂ ಇದೆಯಲ್ಲ, ಒಂಬತ್ತನೇ ರೀಲನ್ನು ಮತ್ತೆ ಸ್ಕ್ಯಾನ್ ಮಾಡಿಸಿಬಿಟ್ಟರೆ — ನಾನೇನೂ ಹೇಳಬೇಕಾಗಿಲ್ಲ, ಎಲ್ಲ ತಾನಾಗಿಯೇ ತಿದ್ದಿಹೋಗುತ್ತದೆ. ಏನೋ ನೆಪ ಹೇಳಿ ಪ್ರಸನ್ನನಿಂದ ಬೀಗದ ಕೈ ಇಸಿದುಕೊಂಡು ಗೋದಾಮಿಗೆ ಹೋದೆ. ನಾನು ಗೋಲಿ ಆಡಿದ ಬಯಲಿದ್ದ ಜಾಗದಲ್ಲಿ ತಗಡಿನ ಶೆಡ್ಡು, ಪಕ್ಕದಲ್ಲಿ ಲೇತ್ ಮಷೀನಿನ ಕಿರುಚಾಟ. ಬಾಗಿಲು ತೆಗೆದರೆ ಆ ಹುಳಿ ನಾತ ಮುಖಕ್ಕೆ ಬಡಿಯಿತು. ತಗಡಿನ ಬಿಸಿಯಲ್ಲಿ ಅದು ಹತ್ತು ಪಟ್ಟಾಗಿತ್ತು. ಡಬ್ಬಿಯ ಮುಚ್ಚಳ ಮೀಟಿ ತೆಗೆದೆ. ರೀಲಿನ ಸುತ್ತುಗಳು ಒಂದಕ್ಕೊಂದು ಅಂಟಿ, ಬೆಲ್ಲದ ಅಚ್ಚಿನ ಹಾಗೆ ಒಂದೇ ಗಟ್ಟಿಯಾಗಿ ಕೂತಿತ್ತು. ಅಂಚು ಎಳೆದರೆ ಬೆರಳಿನಲ್ಲಿ ಕಂದು ಪುಡಿ. ಆ ಮದುವೆ ಇನ್ನು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ, ನಾನು ಸಹಿ ಹಾಕಿದ ರೂಪದಲ್ಲಿ ಬಿಟ್ಟು.

ಕಳೆದ ವರ್ಷ ಆ ನಟಿ ತೀರಿಕೊಂಡರು. ಒಂದು ಟಿವಿಯಲ್ಲಿ ಶ್ರದ್ಧಾಂಜಲಿ ಹಾಕಿದರು. ಅವರ ಹೆಸರು, ಹಚ್ಚಿದ ದೀಪ, ಹಿಂದೆ ಶೋಕದ ಸಂಗೀತ. ಚಿತ್ರದ ಯಾವ ತುಣುಕು ತೋರಿಸಿದರು ಎಂದು ನಾನು ಹೇಳಬೇಕಾಗಿಲ್ಲ. ಕಣ್ಣು ಮುಚ್ಚಿ ತೆರೆದರು, ಮತ್ತೆ ಮುಚ್ಚಿ ತೆರೆದರು. ಸಂಜೆಯವರೆಗೆ ಅದೇ ತಿರುಗುತ್ತಿತ್ತು.

ಆದರೂ ಬಾಯಿ ಬಿಡಲಿಲ್ಲ. ಮೂರು ತಿಂಗಳ ಹಿಂದೆ ಹಿರಿಯ ನಾಗರಿಕರ ಕಾರ್ಡಿಗೆಂದು ಫೋಟೋ ತೆಗೆಸಲು ಅತ್ತಿಗುಪ್ಪೆ ಮೆಟ್ರೋ ಹತ್ತಿರದ ಒಂದು ಸ್ಟುಡಿಯೋಗೆ ಹೋದೆ. ಕ್ಯಾಮೆರಾ ಹಿಂದಿನಿಂದ, ‘ಕನ್ನಡಕ ತೆಗೀರಿ ಸಾರ್, ಗ್ಲೇರ್ ಬರುತ್ತೆ’ ಎಂದ ದನಿ ಅವಳದು. ಅಕ್ಷತೆಗೂ ಧೂಳಿಗೂ ವ್ಯತ್ಯಾಸ ಗೊತ್ತಿಲ್ಲದವಳು ಎಂಬ ಮಾತು ಅವಳಿಗಿಂತ ಮುಂಚೆ ಎಲ್ಲ ಕಡೆ ಹೋಗಿ ಕೂತಿತ್ತಂತೆ; ಆ ಕೆಲಸದಲ್ಲಿ ಯಾರೂ ಸೇರಿಸಿಕೊಳ್ಳಲಿಲ್ಲ. ಇದು ಆಮೇಲೆ ತಿಳಿದದ್ದು. ಅಂದು ಅವಳು ನನ್ನ ಗಲ್ಲ ಸ್ವಲ್ಪ ಎತ್ತಿಸಿದಳು, ಕಾಲರು ಸರಿಪಡಿಸಿದಳು, ಕಣ್ಣನ್ನು ಹತ್ತಿರದಿಂದ ನೋಡಿದಳು.

‘ಕಣ್ಣಿನ ಆಪರೇಷನ್ ಆಗಿದೆಯಲ್ಲ ಸಾರ್. ಯಾವಾಗ ಆಯ್ತು?’

ಯಾವ ವರ್ಷ, ಯಾವ ತಿಂಗಳು ಎಂದು ಹೇಳಿದೆ. ಸುಳ್ಳು ಹೇಳಲು ಹೊತ್ತು ಸಿಗಲಿಲ್ಲ, ಅಷ್ಟೇ. ಅವಳು ಮನಸ್ಸಿನಲ್ಲೇ ಒಂಬತ್ತನೇ ರೀಲಿನ ದಿನಕ್ಕೆ ಹಿಂದಕ್ಕೆ ಹೋದದ್ದು ಗೊತ್ತಾಯಿತು. ಫೋಟೋ ತೆಗೆದು, ಕತ್ತರಿಸಿ, ಕವರಿಗೆ ಹಾಕಿ ಕೊಟ್ಟಳು. ತಗೊಂಡು ಓಡಿಬಂದೆ. ಎಪ್ಪತ್ತನಾಲ್ಕರ ಮುದುಕ ಹೇಗೆ ಓಡುತ್ತಾನೋ ಹಾಗೆ.

ಹದಿನೈದು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆಮೇಲೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ — ಪೊರೆ, ಕತೆ, ಬರೆಯಬೇಡ ಎಂದದ್ದು, ಆ ಹುಬ್ಬು. ಕ್ಷಮಿಸು ಎಂದೂ ಅಂದೆ. ಅವಳು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

‘ಇದನ್ನ ನನಗ್ಯಾಕೆ ಹೇಳ್ತಿದೀರ ಸಾರ್? ನಾನು ಅಲ್ಲೇ ಇದ್ನಲ್ಲ. ನನಗೆ ಗೊತ್ತಿರೋದನ್ನೇ ನನಗೆ ಹೇಳಿ ಹಗುರ ಆಗ್ತೀರಾ?’ ಮತ್ತೆ ಕತ್ತರಿ ತೆಗೆದುಕೊಂಡು, ಯಾರದೋ ಫೋಟೋದ ಅಂಚು ಕತ್ತರಿಸುತ್ತಾ ಹೇಳಿದಳು, ‘ಗೊತ್ತಿಲ್ದೋರಿಗೆ ಹೇಳಿ.’

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಯಾರೋ ಗಿರಾಕಿ ಬಂದ, ನಾನು ಹೊರಗೆ ಬಂದೆ.

ಪ್ರಸನ್ನನಿಗೆ ಹೇಳಿದೆ. ಈಗ ಯಾಕೆ ಸಾರ್ ಇದೆಲ್ಲ, ಆ ಅಮ್ಮನೂ ಹೋದ್ರು, ಮುಗಿದುಹೋಯ್ತಲ್ಲ ಎಂದ. ಮುಗಿದಿಲ್ಲ, ಅವಳನ್ನು ಕೆಲಸದಿಂದ ತೆಗೆದವನು ನೀನು, ತೆಗೆಸಿದವನು ನಾನು, ಅದನ್ನು ನಿನ್ನ ಕೈಯಲ್ಲಿ ಬರೆದು ಕೊಡು ಎಂದೆ. ನೋಡೋಣ ಎಂದಿದ್ದಾನೆ. ಅವನು ಕೊಡಲಿ ಬಿಡಲಿ, ನನ್ನದನ್ನು ನಾನು ಬರೆದಿದ್ದೇನೆ. ಇದರ ಪ್ರತಿ ಆ ನಟಿಯ ಮೊಮ್ಮಗಳಿಗೆ ಹೋಗಿದೆ. ಮಾಸಪತ್ರಿಕೆಗೂ ಕೊಟ್ಟಿದ್ದೇನೆ, ನೀವು ಓದುತ್ತಿರುವುದು ಅದನ್ನೇ. ಶಿವಲೀಲಾ ಕೇಳಿದ್ದಳು. ಸುಳ್ಳು ಹೇಳಿದವನು ಮುದ್ದಯ್ಯ.

ಬರುವ ಭಾನುವಾರ ಪಾರ್ಕಿನಲ್ಲಿ ಇದನ್ನು ಓದುತ್ತೇನೆ. ಕತೆ ಹೇಳುವ ಹಾಗಲ್ಲ. ಕಾಗದ ಕೈಯಲ್ಲಿ ಹಿಡಿದು, ಬರೆದದ್ದನ್ನು ಬರೆದ ಹಾಗೆ, ಒಂದು ಮಾತೂ ಸೇರಿಸದೆ. ಮಧ್ಯದಲ್ಲಿ ಎದ್ದು ಹೋಗುವವರು ಹೋಗಲಿ. ಕೊನೆಯವನು ಎದ್ದು ಹೋದ ಮೇಲೂ ಓದಿ ಮುಗಿಸುತ್ತೇನೆ.